ಹೊರದೇಶದಲ್ಲಿ ಆಕ್ಚುವರಿ ಕೆಲಸ: ಹೊರಡುವ ಮೊದಲು ಹಾಕಬೇಕಾದ ಲೆಕ್ಕ

(ಸಂಘದ ಬೆಳ್ಳಿಹಬ್ಬದ ಅಂಗವಾಗಿ ನಡೆದ ಯುವಜನ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹರೂಪ)



ಈ ಸಂಘ ಹುಟ್ಟಿದಾಗ ನಾನು ಹತ್ತು ವರ್ಷದ ಹುಡುಗಿ. ಹಂಚಿನ ಮಾಡಿನ ಒಂದು ಬಾಡಿಗೆ ಕೋಣೆಯಲ್ಲಿ ಮೇಜು, ಕಪಾಟು ಮತ್ತು ಗೊಬ್ಬರದ ಚೀಲಗಳ ನಡುವೆ ಸಂಘ ನಡೆಯುತ್ತಿದ್ದುದನ್ನು ನೋಡಿದವಳು. ಇಂದು ಅದೇ ಸಂಘದ ಸ್ವಂತ ಸಭಾಭವನದಲ್ಲಿ ನಿಂತು ಮಾತಾಡುವ ಭಾಗ್ಯ ನನ್ನದಾಗಿದೆ.

ನನ್ನ ಕೆಲಸದ ಬಗ್ಗೆ, ಆ ಕೆಲಸ ಹೊರದೇಶದಲ್ಲಿ ಸಿಗುವ ಬಗೆಯ ಬಗ್ಗೆ ಮಾತಾಡಬೇಕೆಂದು ಅಧ್ಯಕ್ಷರು ಹೇಳಿದ್ದಾರೆ. "ಮಗಳಿಗೆ ಎಂತ ಕೆಲಸ?" ಎಂದು ಯಾರಾದರೂ ಕೇಳಿದರೆ ನನ್ನ ಅಮ್ಮ "ಇನ್ಶೂರೆನ್ಸಿನಲ್ಲಿ" ಎನ್ನುತ್ತಾರೆ. ಅದನ್ನು ಕೇಳಿ ಒಬ್ಬರು ಪಾಲಿಸಿ ಮಾಡಿಸಲಿಕ್ಕೆ ಮನೆಗೇ ಬಂದದ್ದೂ ಉಂಟು! ನಾನು ಪಾಲಿಸಿ ಮಾಡಿಸುವವಳಲ್ಲ. ಪಾಲಿಸಿಗೆ ಎಷ್ಟು ಕಂತು ಇಡಬೇಕು, ಮುಂದೆ ಬರುವ ಕ್ಲೇಮುಗಳಿಗೆ ಎಷ್ಟು ಹಣ ತೆಗೆದಿಡಬೇಕು ಎಂದು ಲೆಕ್ಕ ಹಾಕುವವಳು. ಈ ಕಸುಬಿನವರಿಗೆ ಆಕ್ಚುವರಿ ಎನ್ನುತ್ತಾರೆ. ಕನ್ನಡದಲ್ಲಿ ವಿಮಾ ಗಣಿತಜ್ಞರು ಎನ್ನಬಹುದು.

ಇದು ನಮಗೆ ಸಂಬಂಧವಿಲ್ಲದ ವಿಷಯ ಎಂದು ತಿಳಿಯಬೇಡಿ. ಮಳೆಗಾಲ ಶುರುವಾಗುವ ಹೊತ್ತಿಗೆ ನಾವೆಲ್ಲ ಇದೇ ಸಂಘದ ಕೌಂಟರಿನಲ್ಲಿ ನಿಂತು ಹವಾಮಾನ ಆಧಾರಿತ ಬೆಳೆ ವಿಮೆಗೆ ಹಣ ಕಟ್ಟುತ್ತೇವೆ. ಇತ್ತೀಚಿನ ವರ್ಷಗಳಲ್ಲಿ ಅಡಿಕೆಗೆ ಹೆಕ್ಟೇರಿಗೆ 1,28,000 ರೂಪಾಯಿ ವಿಮಾ ಮೊತ್ತಕ್ಕೆ ನಾವು ಕಟ್ಟಿದ್ದು 6,400 ರೂಪಾಯಿ. ಕಾಳುಮೆಣಸಿಗೆ 47,000ಕ್ಕೆ 2,350. ಅಂದರೆ ನೂರಕ್ಕೆ ಐದು. ನಿಜವಾದ ದರ ಇದಕ್ಕಿಂತ ಹೆಚ್ಚು. ಉಳಿದದ್ದನ್ನು ಕೇಂದ್ರ ಮತ್ತು ರಾಜ್ಯ ಸರಕಾರಗಳು ತುಂಬುತ್ತವೆ. ಆ ನಿಜವಾದ ದರ ಎಷ್ಟು? ಪಂಚಾಯತಿನ ಮಳೆಮಾಪಕದಲ್ಲಿ ಎಷ್ಟು ಮಳೆ ದಾಖಲಾದರೆ ಎಷ್ಟು ಪರಿಹಾರ? ಹಿಂದಿನ ಹಲವು ವರ್ಷಗಳ ಮಳೆಯ ಅಂಕಿಅಂಶ ಇಟ್ಟುಕೊಂಡು ಈ ಪ್ರಶ್ನೆಗಳಿಗೆ ಉತ್ತರ ಹುಡುಕುವುದು ಆಕ್ಚುವರಿಯ ಕೆಲಸ. "ಪಕ್ಕದ ಪಂಚಾಯತಿಗೆ ಹೆಚ್ಚು ಬಂತು, ನಮಗೆ ಕಡಿಮೆ" ಎಂಬ ಅಸಮಾಧಾನದ ಮೂಲವೂ ಇಲ್ಲಿಯೇ ಇದೆ. ಲೆಕ್ಕ ನಡೆಯುವುದು ಮಳೆಮಾಪಕದ ಮೇಲೆ, ನಿಮ್ಮ ತೋಟದ ಮೇಲಲ್ಲ.

ಇನ್ನೊಂದು ಉದಾಹರಣೆ ನಮ್ಮ ಯಶಸ್ವಿನಿ. ಸಹಕಾರಿ ಸದಸ್ಯರಿಗಾಗಿ 2002ರಲ್ಲಿ ಶುರುವಾದ ಈ ಯೋಜನೆಯಲ್ಲಿ ಮೊದಲು ತಲೆಗೆ ತಿಂಗಳಿಗೆ ಐದು ರೂಪಾಯಿ, ವರ್ಷಕ್ಕೆ 60 ರೂಪಾಯಿ ಇತ್ತು. ಕೆಲವೇ ವರ್ಷಗಳಲ್ಲಿ ಅದನ್ನು 120ಕ್ಕೆ ಏರಿಸಬೇಕಾಯಿತು. 2018ರಲ್ಲಿ ಯೋಜನೆ ನಿಂತು 2022ರಲ್ಲಿ ಮತ್ತೆ ಆರಂಭವಾಯಿತು. ಲಕ್ಷಾಂತರ ಜನ ಕೊಡುವ ಚಿಲ್ಲರೆ ಹಣದಿಂದ ಒಬ್ಬನ ಹೃದಯದ ಆಪರೇಶನ್ ಆಗಬೇಕಾದರೆ ಆ ಚಿಲ್ಲರೆ ಎಷ್ಟಿರಬೇಕು ಎಂಬ ಲೆಕ್ಕ ತಪ್ಪಬಾರದು. ಕಡಿಮೆಯಾದರೆ ಯೋಜನೆ ಮುಳುಗುತ್ತದೆ, ಹೆಚ್ಚಾದರೆ ಬಡವ ಸೇರುವುದಿಲ್ಲ.

ಈ ಕಸುಬಿಗೆ ಮುನ್ನೂರು ವರ್ಷಗಳ ಚರಿತ್ರೆ ಉಂಟು. ಧೂಮಕೇತುವಿನ ಹೆಸರಿನಿಂದ ನಮಗೆಲ್ಲ ಗೊತ್ತಿರುವ ಎಡ್ಮಂಡ್ ಹ್ಯಾಲಿ 1693ರಲ್ಲಿ ಬ್ರೆಸ್ಲಾವ್ ಎಂಬ ಊರಿನ ಜನನ ಮರಣದ ದಾಖಲೆಗಳಿಂದ ಯಾವ ಪ್ರಾಯದವರು ಎಷ್ಟು ಮಂದಿ ಬದುಕಿ ಉಳಿಯುತ್ತಾರೆ ಎಂಬ ಕೋಷ್ಟಕ ಮಾಡಿದರು. ಲಂಡನ್ನಿನಲ್ಲಿ 1848ರಲ್ಲಿ ಆಕ್ಚುವರಿಗಳ ಸಂಸ್ಥೆ ಹುಟ್ಟಿತು. ನಮ್ಮ ದೇಶದಲ್ಲಿ 1912ರ ಕಾನೂನಿನ ಪ್ರಕಾರ ಜೀವವಿಮಾ ಕಂಪೆನಿಯ ದರಪಟ್ಟಿಗೆ ಆಕ್ಚುವರಿಯ ಸಹಿ ಕಡ್ಡಾಯವಾಯಿತು. 1944ರಲ್ಲಿ ನಮ್ಮದೇ ಸೊಸೈಟಿ ಆಯಿತು. ಆದರೂ 1980ರ ದಶಕದ ಕೊನೆಯವರೆಗೆ ನಮ್ಮವರು ಲಂಡನ್ನಿನ ಪರೀಕ್ಷೆಯನ್ನೇ ಬರೆಯಬೇಕಿತ್ತು. ಜೀವವಿಮೆಗೆ 1956ರಿಂದ ಎಲ್‌ಐಸಿ ಒಂದೇ ಇದ್ದುದರಿಂದ ಕೆಲಸವೂ ಕೆಲವರಿಗೆ ಮಾತ್ರ. 2000ದಲ್ಲಿ ಖಾಸಗಿ ಕಂಪೆನಿಗಳು ಬಂದ ಮೇಲೆ ಬಾಗಿಲು ತೆರೆಯಿತು. 2006ರ ಕಾಯ್ದೆಯಿಂದ ಸೊಸೈಟಿಯು ಇನ್‌ಸ್ಟಿಟ್ಯೂಟ್ ಆಫ್ ಆಕ್ಚುವರೀಸ್ ಆಫ್ ಇಂಡಿಯಾ ಎಂಬ ಶಾಸನಬದ್ಧ ಸಂಸ್ಥೆಯಾಯಿತು.

ಇನ್ನು ನನ್ನ ಕಥೆ. ಇದನ್ನು ಹೇಳುವುದು ದೊಡ್ಡಸ್ತಿಕೆಗಲ್ಲ. ನಾನು ಎಲ್ಲಿ ಎಡವುವವಳಿದ್ದೆ ಎಂದು ತಿಳಿದರೆ ನಿಮಗೆ ಪ್ರಯೋಜನ ಆದೀತು.

ಏಳನೆಯವರೆಗೆ ಊರಿನ ಕನ್ನಡ ಶಾಲೆ, ಆಮೇಲೆ ಪುತ್ತೂರಿನಲ್ಲಿ ಬಿ.ಎಸ್ಸಿ. ಗಣಿತದ ಮೇಷ್ಟ್ರೊಬ್ಬರು ಈ ಪರೀಕ್ಷೆಯ ಬಗ್ಗೆ ಹೇಳಿದರು. ಮೊದಲ ಪೇಪರು ಫೈಲ್. ಎರಡನೇ ಸಲಕ್ಕೆ ಪಾಸು. 2012ಕ್ಕೆ ಎರಡು ಪೇಪರು ಕೈಯಲ್ಲಿತ್ತು, ಪ್ರಾಯ ಇಪ್ಪತ್ತೆರಡು. ನಾನಿನ್ನು ಲಂಡನ್ನಿನಲ್ಲೇ ಇರಬೇಕಾದವಳು ಎಂದು ನನಗೆ ಅನಿಸಿತು. ಪುತ್ತೂರಿನ ಸೈಬರ್ ಅಂಗಡಿಯಲ್ಲಿ ಗಂಟೆಗಟ್ಟಲೆ ಕುಳಿತು ಇಂಗ್ಲೆಂಡಿನ ಕಂಪೆನಿಗಳಿಗೆ ನೂರಕ್ಕೂ ಹೆಚ್ಚು ಅರ್ಜಿ ಕಳುಹಿಸಿದೆ. ನಾಲ್ಕೈದು ಕಡೆಯಿಂದ ಯಂತ್ರ ಬರೆದ ಹಾಗಿನ ಉತ್ತರ. ಉಳಿದವರದ್ದು ಮೌನ.

ಆಗ ಒಬ್ಬ ಏಜೆಂಟರು ಸಿಕ್ಕಿದರು. "ಅಲ್ಲಿ ಒಂದು ವರ್ಷದ ಎಂ.ಎಸ್ಸಿ. ಮಾಡಿ. ಕೋರ್ಸು ಮುಗಿದ ಮೇಲೆ ಎರಡು ವರ್ಷ ಕೆಲಸ ಮಾಡಲಿಕ್ಕೆ ಪರವಾನಿಗೆ ಸಿಗ್ತದೆ. ಅಷ್ಟರಲ್ಲಿ ಕೆಲಸ ಗ್ಯಾರಂಟಿ" ಎಂದರು. ಒಟ್ಟು ಖರ್ಚು 22 ಲಕ್ಷ. ಬ್ಯಾಂಕಿನವರು ತೋಟ ಅಡವಿಟ್ಟರೆ ಸಾಲ ಕೊಡಲು ಒಪ್ಪಿದರು. ಅಪ್ಪನಿಗೆ ಇದ್ದದ್ದು ಮೂರು ಎಕ್ರೆ ಅಡಿಕೆ ತೋಟ. "ಮಗಳು ಕಲಿಯುತ್ತೇನೆ ಅಂತಾಳೆ, ಇಡುವ" ಎಂದರು. ಅಮ್ಮ ಎರಡು ಮದುವೆ ಮನೆಗಳಲ್ಲಿ ಸುದ್ದಿ ಹೇಳಿಯೂ ಆಗಿತ್ತು.

ತೋಟದ ಮೇಲೆ ಸಂಘದ ಸಾಲ ಬಾಕಿ ಇಲ್ಲವೆಂದು ಬೇಬಾಕಿ ಪತ್ರ ಬೇಕಿತ್ತು. ಅಪ್ಪನೂ ನಾನೂ ಸಂಘಕ್ಕೆ ಬಂದೆವು. ಆಗಿನ ಕಾರ್ಯದರ್ಶಿಯವರು, ಇಂದು ಇದೇ ಸಭೆಯಲ್ಲಿ ಕುಳಿತಿದ್ದಾರೆ, ಹೆಸರು ಹೇಳಬಾರದೆಂದು ನನಗೆ ಕಟ್ಟಪ್ಪಣೆ ಮಾಡಿದ್ದಾರೆ, ಪತ್ರ ಬರೆಯುವ ಮೊದಲು ನನ್ನನ್ನು ಕುಳ್ಳಿರಿಸಿದರು.

"ಮಗಾ, ಸಾಲ ಎಷ್ಟು?"

"ಇಪ್ಪತ್ತೆರಡು ಲಕ್ಷ."

"ಬಡ್ಡಿ?"

"ಹನ್ನೆರಡೂವರೆ."

ಹಳೆ ವೋಚರಿನ ಹಿಂಬದಿಯಲ್ಲಿ ಅವರು ಲೆಕ್ಕ ಹಾಕಿದರು. ಹತ್ತು ವರ್ಷಕ್ಕೆ ಹಂಚಿದರೆ ತಿಂಗಳಿಗೆ ಸುಮಾರು 32,000 ರೂಪಾಯಿ ಕಂತು. "ಅಲ್ಲಿ ಕೆಲಸ ಸಿಕ್ಕಿದರೆ ಸರಿ. ಸಿಗದೆ ವಾಪಸು ಬಂದರೆ ಬೆಂಗಳೂರಿನಲ್ಲಿ ನಿನಗೆ ಸುರುವಿಗೆ ಎಷ್ಟು ಸಂಬಳ?" ಅದು 32,000ಕ್ಕಿಂತ ಕಡಿಮೆಯೇ ಇತ್ತು. ಆಮೇಲೆ ಕೇಳಿದರು: "ನಿನ್ನ ಹಾಗೆ ಹತ್ತು ಜನ ಹೋದರೆ ಎಷ್ಟು ಜನರಿಗೆ ಅಲ್ಲಿ ಕೆಲಸ ಸಿಗ್ತದೆ? ಈ ಲೆಕ್ಕ ಹಾಕುವುದೇ ಅಲ್ವಾ ನಿನ್ನ ಕಸುಬು?"

ನನಗೆ ಮಾತು ಹೊರಡಲಿಲ್ಲ. ಊರವರ ಆಯುಷ್ಯದ ಲೆಕ್ಕ, ಮಳೆಯ ಲೆಕ್ಕ ಎಲ್ಲ ಕಲಿಯುತ್ತಿದ್ದ ನಾನು ನನ್ನ ಅಪ್ಪನ ತೋಟದ ಲೆಕ್ಕ ಹಾಕಿರಲಿಲ್ಲ.

ಆ ರಾತ್ರಿ ಏಜೆಂಟರ ಪುಸ್ತಿಕೆ ಬದಿಗಿಟ್ಟೆ. ಮರುದಿನ ಬ್ರಿಟಿಷ್ ಸರಕಾರದ ಪ್ರಕಟಣೆಯನ್ನೇ ಹುಡುಕಿ ಓದಿದೆ. ಕೋರ್ಸಿನ ನಂತರ ಎರಡು ವರ್ಷ ಕೆಲಸ ಮಾಡುವ ಆ ಪರವಾನಿಗೆಯನ್ನು 2012ರ ಎಪ್ರಿಲಿನಲ್ಲಿಯೇ ನಿಲ್ಲಿಸಿದ್ದರು! ಏಜೆಂಟರಿಗೆ ಫೋನು ಮಾಡಿ ಕೇಳಿದರೆ, "ಅದೆಲ್ಲ ಆಗ್ತದೆ ಮೇಡಂ, ನೀವು ಮೊದಲು ಹಣ ಕಟ್ಟಿ" ಎಂಬ ಉತ್ತರ. ಹಣ ಕಟ್ಟಲಿಲ್ಲ. ನೆಂಟರ ಮುಂದೆ ಸ್ವಲ್ಪ ಮುಖಭಂಗ ಆಯಿತು. ಅಪ್ಪ ಒಂದು ವಾರ ಸರಿಯಾಗಿ ಮಾತಾಡಲಿಲ್ಲ.

ನಾನು ಬೆಂಗಳೂರಿಗೆ ಹೋದೆ. ಒಂದು ಕಂಪೆನಿಯ ಸಂದರ್ಶನದಲ್ಲಿ "ಅಂಕಿಅಂಶಗಳ ಮೇಲೆ ಕೆಲಸ ಮಾಡಿದ ಅನುಭವ ಉಂಟಾ?" ಎಂದು ಕೇಳಿದರು. ನಮ್ಮ ಕಡೆ ಎಷ್ಟೋ ಕೃಷಿಕರು ಅಂಗಳದಲ್ಲಿ ಮಳೆಮಾಪಕ ಇಟ್ಟು ದಿನದಿನದ ಮಳೆ ಬರೆದಿಡುತ್ತಾರಲ್ಲ, ನನ್ನ ಅಪ್ಪನೂ ಅಂಥವರು. ಹತ್ತೊಂಬತ್ತು ವರ್ಷಗಳ ಡೈರಿ ಇತ್ತು. ಎಷ್ಟು ದಿನ ಎಡೆಬಿಡದೆ ಸುರಿದರೆ ಅಡಿಕೆಗೆ ಎರಡನೇ ಮದ್ದು ಬಿಡಲಿಕ್ಕೆ ಆಗುವುದಿಲ್ಲ, ಅಂಥ ವರ್ಷ ಎಷ್ಟು ವರ್ಷಕ್ಕೊಮ್ಮೆ ಬರುತ್ತದೆ, ಆ ವರ್ಷ ಕೊಳೆರೋಗ ಎಷ್ಟು ತಿಂದಿತು ಎಂದು ಆ ಡೈರಿ ನೋಡಿ ನಾನು ಪಟ್ಟಿ ಮಾಡಿದ್ದೆ. ಅದನ್ನು ವಿವರಿಸಿದೆ. ಕೆಲಸ ಸಿಕ್ಕಿತು. ಆಮೇಲೆ ಅಲ್ಲಿಯ ಹಿರಿಯರೊಬ್ಬರು ಹೇಳಿದರು: "ನಿನ್ನ ಮಾರ್ಕಿಗಿಂತ ಆ ಡೈರಿಯೇ ನಮಗೆ ಹಿಡಿಸಿದ್ದು."

ಬೆಂಗಳೂರಿನಲ್ಲಿ ಐದು ವರ್ಷ. ಆರು ಜನ ಹುಡುಗಿಯರ ಪಿಜಿ ಕೋಣೆ, ಬೆಳಿಗ್ಗೆ ಐದಕ್ಕೆ ಎದ್ದು ಓದು, ಹಗಲು ಕೆಲಸ. ಒಂದು ಪೇಪರಿನಲ್ಲಿ ಮೂರು ಸಲ ಫೈಲಾದೆ. ಕೆಲಸ ಮಾತ್ರ ಇಂಗ್ಲೆಂಡಿನ ಪಾಲಿಸಿಗಳದ್ದೇ. ಅಲ್ಲಿಯ ಅಧಿಕಾರಿಗಳೊಡನೆ ದಿನಾ ಫೋನಿನಲ್ಲಿ ಮಾತು. 2017ರಲ್ಲಿ ದುಬಾಯಿಯಲ್ಲಿ ಕೆಲಸ ಸಿಕ್ಕಿತು. ಆಗ ಹತ್ತು ಪೇಪರು ಮುಗಿದಿತ್ತು. ವಿಮಾ ಕಂಪೆನಿಗಳ ಲೆಕ್ಕಪತ್ರಕ್ಕೆ 2023ರ ಜನವರಿಯಿಂದ ಐಎಫ್‌ಆರ್‌ಎಸ್ 17 ಎಂಬ ಹೊಸ ಅಂತಾರಾಷ್ಟ್ರೀಯ ಕ್ರಮ ಜಾರಿಗೆ ಬರಲಿಕ್ಕಿತ್ತು. ಆ ಕೆಲಸ ಗೊತ್ತಿದ್ದವರಿಗೆ ಎಲ್ಲ ಕಡೆ ಬೇಡಿಕೆ. 2022ರಲ್ಲಿ ಲಂಡನ್ನಿನ ಕಂಪೆನಿಯೊಂದು ವೀಸಾದ ಖರ್ಚನ್ನೂ ತಾನೇ ಕೊಟ್ಟು ಕರೆಸಿಕೊಂಡಿತು. ಹತ್ತು ವರ್ಷ ಮೊದಲು ನೂರು ಅರ್ಜಿಗೆ ತೆರೆಯದ ಬಾಗಿಲು ಅದು.

ಈ ನಡುವೆ ಅರಂತೋಡು, ಸಂಪಾಜೆ ಕಡೆ ಕಂಡ ಹಳದಿ ಎಲೆ ರೋಗ ನಮ್ಮ ತೋಟಕ್ಕೂ ಬಂತು. ಫಸಲು ಅರ್ಧಕ್ಕಿಳಿಯಿತು. ಅಂದು ಆ ಸಾಲ ಮಾಡಿದ್ದರೆ ಇಂದು ತೋಟ ನಮ್ಮದಾಗಿ ಇರುತ್ತಿರಲಿಲ್ಲ.

ತಮ್ಮ ತಂಗಿಯಂದಿರೇ, ನಿಮಗೆ ಉಪಯೋಗವಾಗುವ ವಿಷಯಗಳನ್ನು ಈಗ ಒಂದೊಂದಾಗಿ ಹೇಳುತ್ತೇನೆ.

ಮೊದಲನೆಯದು, ಓದು. ಪಿಯುಸಿ ಮುಗಿದ ಮೇಲೆ ಎಸಿಇಟಿ ಎಂಬ ಪ್ರವೇಶ ಪರೀಕ್ಷೆ ಬರೆಯಬಹುದು. ಗಣಿತ ಮತ್ತು ಸಂಖ್ಯಾಶಾಸ್ತ್ರ ಗಟ್ಟಿ ಇರಬೇಕು. ನನ್ನ ಕಾಲದಲ್ಲಿ ಹದಿನೈದು ಪೇಪರು ಇತ್ತು. 2019ರಲ್ಲಿ ಬಂದ ಪಠ್ಯಕ್ರಮದ ಲೆಕ್ಕಕ್ಕೆ ಹದಿಮೂರು. ಇದಕ್ಕೆ ದೊಡ್ಡ ಕಾಲೇಜು ಬೇಡ. ಪುಸ್ತಕ ತರಿಸಿ ಊರಿನಲ್ಲಿ ಕುಳಿತೇ ಓದಬಹುದು, ಡಿಗ್ರಿಯ ಜತೆಗೇ ಎರಡು ಮೂರು ಪೇಪರು ಮುಗಿಸಬಹುದು. ಎಕ್ಸೆಲ್ ಮತ್ತು ಆರ್ ಎಂಬ ಕಂಪ್ಯೂಟರ್ ಭಾಷೆ ಕಲಿಯಿರಿ. ಪರೀಕ್ಷೆಗೂ ಬೇಕು, ಕೆಲಸಕ್ಕೂ ಬೇಕು. ಪೂರ್ತಿ ಮುಗಿಸಲಿಕ್ಕೆ ಏಳೆಂಟು ವರ್ಷ ಹಿಡಿದರೆ ಆಶ್ಚರ್ಯವಿಲ್ಲ. ಫೈಲಾಗುವುದು ಇಲ್ಲಿ ಅವಮಾನವಲ್ಲ.

ಎರಡನೆಯದು, ಭಾಷೆ. ಕನ್ನಡ ಮಾಧ್ಯಮದವರು ಹೆದರಬೇಡಿ. ಹದಿಮೂರರಲ್ಲಿ ಒಂದು ಪೇಪರು ಇರುವುದೇ, ಗಣಿತ ಗೊತ್ತಿಲ್ಲದವರಿಗೆ ವಿಷಯವನ್ನು ಸರಳವಾಗಿ ಬರೆದು ತಿಳಿಸಲಿಕ್ಕೆ ಬರುತ್ತದೋ ಎಂದು ನೋಡಲು. ಬೆಳೆ ವಿಮೆಯ ಪರಿಹಾರ ಯಾಕೆ ಕಡಿಮೆ ಬಂತೆಂದು ನಿಮ್ಮ ಅಜ್ಜನಿಗೆ ಅರ್ಥವಾಗುವ ಹಾಗೆ ಹೇಳಿ ನೋಡಿ. ಆಮೇಲೆ ಅದನ್ನೇ ಚಿಕ್ಕ ಚಿಕ್ಕ ಇಂಗ್ಲಿಷ್ ವಾಕ್ಯಗಳಲ್ಲಿ ಬರೆಯಿರಿ. ಅದಕ್ಕಿಂತ ದೊಡ್ಡ ಅಭ್ಯಾಸ ಇಲ್ಲ.

ಮೂರನೆಯದು, ಮೊದಲ ಕೆಲಸ ನಮ್ಮ ದೇಶದಲ್ಲೇ ಆಗಲಿ. ಹೊಸಬರ ಅರ್ಜಿಗೆ ಹೊರದೇಶದ ಕಂಪೆನಿ ಯಾಕೆ ಉತ್ತರಿಸುವುದಿಲ್ಲ? ನೀವು ದಡ್ಡರೆಂದಲ್ಲ. ಎರಡು ಪೇಪರು ಪಾಸಾದ ಹುಡುಗರು ಅವರ ಊರಿನಲ್ಲೇ ಬೇಕಾದಷ್ಟು ಇದ್ದಾರೆ, ಅವರಿಗೆ ವೀಸಾ ಬೇಡ. ನಿಮ್ಮನ್ನು ಕರೆಸಬೇಕಾದರೆ ಕಂಪೆನಿಗೆ ಹೆಚ್ಚು ಖರ್ಚು, ಕಾಗದಪತ್ರದ ಕಿರಿಕಿರಿ. ಎಂಟು ಹತ್ತು ಪೇಪರು, ನಾಲ್ಕೈದು ವರ್ಷದ ಅನುಭವ ಇರುವವರು ಅವರಿಗೂ ಸುಲಭವಾಗಿ ಸಿಗುವುದಿಲ್ಲ. ಬೆಂಗಳೂರು, ಮುಂಬಯಿ, ಗುರುಗ್ರಾಮಗಳಲ್ಲಿ ಹೊರದೇಶದ ವಿಮಾ ಕಂಪೆನಿಗಳ ಕಚೇರಿಗಳು ಉಂಟು. ಪುನರ್ವಿಮೆಯ ದೊಡ್ಡ ಕಂಪೆನಿಯಾದ ಸ್ವಿಸ್ ರೀ ಬೆಂಗಳೂರಿನಲ್ಲೇ ಕಚೇರಿ ಇಟ್ಟಿದೆ. ಅಂಥ ಕಡೆ ಕೆಲಸ ಮಾಡಿದರೆ ಆಚೆ ದೇಶದವರಿಗೆ ನಿಮ್ಮ ಕೆಲಸದ ಪರಿಚಯ ಮೊದಲೇ ಆಗಿರುತ್ತದೆ.

ನಾಲ್ಕನೆಯದು, ಯಾವ ದೇಶಕ್ಕೆ ಯಾವ ಪರೀಕ್ಷೆ ಎಂದು ಮೊದಲೇ ನಿರ್ಧರಿಸಿ. ನಮ್ಮ ಪರೀಕ್ಷೆಯ ಕ್ರಮ ಇಂಗ್ಲೆಂಡಿನದ್ದಕ್ಕೆ ಹತ್ತಿರ. ಗಲ್ಫ್, ಸಿಂಗಾಪುರದ ಕಡೆಯೂ ಈ ಕ್ರಮದವರು ಬಹಳ ಜನ ಇದ್ದಾರೆ. ಅಮೆರಿಕ, ಕೆನಡಾಗಳಲ್ಲಿ ಬೇರೆ ಸಂಸ್ಥೆಗಳು, ಬೇರೆ ಪರೀಕ್ಷೆಗಳು. ಪಾಸಾದ ಪೇಪರು ಅಲ್ಲಿ ಎಷ್ಟು ನಡೆಯುತ್ತದೆ ಎಂದು ಆಯಾ ಸಂಸ್ಥೆಗೇ ಬರೆದು ಕೇಳಿ. ಏಜೆಂಟರ ಬಾಯಿಮಾತು ನಂಬಬೇಡಿ.

ಐದನೆಯದು, ವೀಸಾ. ಇದು ನಮ್ಮ ಕೈಯಲ್ಲಿಲ್ಲದ ವಿಷಯ. 2012ರಲ್ಲಿ ನಿಲ್ಲಿಸಿದ ಆ ಪರವಾನಿಗೆಯನ್ನು ಇಂಗ್ಲೆಂಡಿನವರು 2021ರಲ್ಲಿ ಬೇರೆ ಹೆಸರಿನಿಂದ ಮತ್ತೆ ಎರಡು ವರ್ಷಕ್ಕೆ ಕೊಟ್ಟರು. 2027ರ ಜನವರಿ 1ರಿಂದ ಅರ್ಜಿ ಹಾಕುವ ಪದವೀಧರರಿಗೆ ಅದನ್ನು 18 ತಿಂಗಳಿಗೆ ಇಳಿಸಲು ತೀರ್ಮಾನಿಸಿದ್ದಾರೆ. ಆಮೇಲೂ ಅಲ್ಲಿ ಉಳಿಯಬೇಕಾದರೆ ಕಂಪೆನಿ ಕೊಡಬೇಕಾದ ಸಂಬಳದ ಸಾಮಾನ್ಯ ಮಿತಿ 2024ರ ಎಪ್ರಿಲಿನಲ್ಲಿ ವರ್ಷಕ್ಕೆ 38,700 ಪೌಂಡ್ ಆಯಿತು, 2025ರ ಜುಲೈಯಲ್ಲಿ 41,700ಕ್ಕೆ ಏರಿತು. ಹೊಸಬರಿಗೆ ಸ್ವಲ್ಪ ರಿಯಾಯಿತಿ ಉಂಟು. ಅಮೆರಿಕದಲ್ಲಿ ಓದಿದವರಿಗೆ ಒಂದು ವರ್ಷ, ವಿಜ್ಞಾನ ಮತ್ತು ಗಣಿತದ ಪಟ್ಟಿಗೆ ಸೇರಿದ ಪದವಿಗಳಿಗೆ ಇನ್ನೂ ಎರಡು ವರ್ಷ ಕೆಲಸದ ಅವಕಾಶ. ಆಮೇಲೆ ಎಚ್-1ಬಿ ವೀಸಾ. ಅದಕ್ಕೆ ವರ್ಷಕ್ಕೆ 85,000ದ ಮಿತಿ, ಅರ್ಜಿ ಅದಕ್ಕಿಂತ ಎಷ್ಟೋ ಹೆಚ್ಚು. ಅದರ ಮೇಲೆ, 2025ರ ಸೆಪ್ಟೆಂಬರಿನಲ್ಲಿ ಹೊರಗಿನಿಂದ ಕರೆಸಿಕೊಳ್ಳುವವರ ಹೊಸ ಅರ್ಜಿಗೆ ಒಂದು ಲಕ್ಷ ಡಾಲರ್ ಶುಲ್ಕದ ಆದೇಶ ಬಂತು. ಗಲ್ಫಿನಲ್ಲಿ ವೀಸಾ ಕಂಪೆನಿಯೇ ಮಾಡಿಸುತ್ತದೆ, ದುಬಾಯಿಯಲ್ಲಿ ಸಂಬಳದ ಮೇಲೆ ತೆರಿಗೆ ಇಲ್ಲ. ಆದರೆ ಮನೆಬಾಡಿಗೆ ಮೈ ಸುಡುತ್ತದೆ.

ಈ ಅಂಕಿಗಳನ್ನು ಬಾಯಿಪಾಠ ಮಾಡಬೇಡಿ, ಮುಂದೆ ಬದಲಾದೀತು. ನೆನಪಿಡಬೇಕಾದದ್ದು ಇಷ್ಟು: ನೀವು ಸಾಲ ಮಾಡಿದ ದಿನಕ್ಕೂ ಡಿಗ್ರಿ ಕೈಗೆ ಬಂದ ದಿನಕ್ಕೂ ನಡುವೆ ಆ ದೇಶದ ಕಾನೂನು ಬದಲಾಗಬಹುದು. ಬ್ಯಾಂಕಿನ ಕಂತು ಬದಲಾಗುವುದಿಲ್ಲ. ಪಾಸಾದ ಪೇಪರನ್ನೂ, ಕೈಗೆ ಬಂದ ಅನುಭವವನ್ನೂ ಯಾವ ಸರಕಾರವೂ ಕಿತ್ತುಕೊಳ್ಳುವುದಿಲ್ಲ.

ಕೊನೆಯದು, ಮೋಸ. ಕೆಲಸ ಕೊಡುವ ಕಂಪೆನಿ ನಿಮ್ಮಿಂದ ಹಣ ಕೇಳುವುದಿಲ್ಲ. 1983ರ ವಲಸೆ ಕಾಯ್ದೆಯ ಪ್ರಕಾರ ಹೊರದೇಶಕ್ಕೆ ಕೆಲಸಗಾರರನ್ನು ಕಳುಹಿಸುವ ಏಜೆಂಟರು ಕೇಂದ್ರ ಸರಕಾರದಲ್ಲಿ ನೋಂದಣಿ ಮಾಡಿರಬೇಕು. ಅವರು ತೆಗೆದುಕೊಳ್ಳಬಹುದಾದ ಸೇವಾಶುಲ್ಕಕ್ಕೆ 30,000 ರೂಪಾಯಿ ಮತ್ತು ಅದರ ಮೇಲಿನ ತೆರಿಗೆಯ ಮಿತಿ ಉಂಟು. ಲಕ್ಷಗಟ್ಟಲೆ ಕೇಳಿದರೆ ಅಲ್ಲಿಂದ ಎದ್ದು ಬನ್ನಿ.

ಹಾಗಾದರೆ ಸಾಲ ಮಾಡಿ ಓದಲೇಬಾರದೇ ಎಂದು ಕೇಳಬಹುದು. ನಾನು ಹಾಗೆ ಹೇಳುವುದಿಲ್ಲ. ಸಾಲ ಮಾಡಿ ಹೋಗಿ ಚೆನ್ನಾಗಿ ಬದುಕಿದವರನ್ನೂ ಕಂಡಿದ್ದೇನೆ. ಕೆಲಸ ಸಿಗದೆ, ಮನೆಗೆ ಹೇಳಲಿಕ್ಕೂ ಆಗದೆ, ಅಂಗಡಿಯಲ್ಲಿ ರಾತ್ರಿಪಾಳಿ ಮಾಡಿ ಕಂತು ಕಟ್ಟುತ್ತಿದ್ದ ನಮ್ಮ ಕಡೆಯ ಹುಡುಗನನ್ನೂ ಲಂಡನ್ನಿನಲ್ಲಿ ಕಂಡಿದ್ದೇನೆ. ಹೋಗುವುದಾದರೆ, ಕೆಲಸ ಸಿಗದೆ ವಾಪಸು ಬಂದರೂ ಇಲ್ಲಿಯ ಸಂಬಳದಲ್ಲಿ ತೀರಿಸಬಹುದಾದಷ್ಟೇ ಸಾಲ ಮಾಡಿ. ಹೆತ್ತವರಲ್ಲಿ ನನ್ನದೊಂದು ಬೇಡಿಕೆ: ಮಕ್ಕಳು ವಾಪಸು ಬಂದರೆ ಅದನ್ನು ಸೋಲು ಎನ್ನಬೇಡಿ. ಈ ಕಸುಬಿಗೆ ನಮ್ಮ ದೇಶದಲ್ಲೂ ಈಗ ಮರ್ಯಾದೆಯ ಸಂಬಳ ಉಂಟು.

ಪುತ್ತೂರು ಸೀಮೆಯವರಿಗೆ ಸಹಕಾರ ಎಂದರೆ ಹೊಸತಲ್ಲ. ಮೊಳಹಳ್ಳಿ ಶಿವರಾಯರು 1909ರಲ್ಲೇ ಪುತ್ತೂರಿನಲ್ಲಿ ಸಹಕಾರಿ ಸಂಘ ಕಟ್ಟಿದರು. ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳತ್ವದಲ್ಲಿ 1973ರಲ್ಲಿ ಕ್ಯಾಂಪ್ಕೋ ಹುಟ್ಟಿ ಅಡಿಕೆ ಬೆಳೆಗಾರರ ಬೆನ್ನಿಗೆ ನಿಂತಿತು. ಒಬ್ಬನ ಕಷ್ಟವನ್ನು ಹತ್ತು ಜನ ಹೊರುವುದು ಸಹಕಾರ. ವಿಮೆಯ ಮೂಲವೂ ಅದೇ. ಆ ದೃಷ್ಟಿಯಿಂದ ನೋಡಿದರೆ ನಾನು ಸಂಘದ ಕೆಲಸವನ್ನೇ ಮಾಡುತ್ತಿದ್ದೇನೆ, ಊರು ಮಾತ್ರ ಬೇರೆ.

ಆದುದರಿಂದ ಆಡಳಿತ ಮಂಡಳಿಯಲ್ಲಿ ಒಂದು ವಿನಂತಿ. ಬೆಳ್ಳಿಹಬ್ಬದ ನೆನಪಿಗೆ ಸಂಘದಲ್ಲಿ ಒಂದು ಮೇಜು ಇಡಿ. ಸುಳ್ಯ, ಕಡಬ, ಪುತ್ತೂರಿನ ಕಡೆ ಮಕ್ಕಳ ಓದಿಗೆಂದು ತೋಟ ಅಡವಿಡಲು ಹೊರಟ ಯಾವ ಸದಸ್ಯರೇ ಆಗಲಿ, ಬೇಬಾಕಿ ಪತ್ರ ಕೊಂಡೊಯ್ಯುವ ಮೊದಲು ಮಗ ಅಥವಾ ಮಗಳ ಜತೆ ಆ ಮೇಜಿನಲ್ಲಿ ಅರ್ಧ ಗಂಟೆ ಕುಳಿತು ಲೆಕ್ಕ ಹಾಕುವಂತಾಗಲಿ. ನಾನು ಊರಿಗೆ ಬಂದಾಗಲೆಲ್ಲ ಒಂದು ದಿನ ಅಲ್ಲಿ ಕುಳಿತುಕೊಳ್ಳುತ್ತೇನೆ. ಫೋನಿನಲ್ಲೂ ಸಿಗುತ್ತೇನೆ.

ನನ್ನ ಪಾಲಿಗೆ ಆ ಅರ್ಧ ಗಂಟೆ ಸಿಕ್ಕಿತು. ಆ ವೋಚರು ಇಂದಿಗೂ ನನ್ನಲ್ಲಿ ಉಂಟು. ಅದನ್ನು ಬರೆದವರಿಗೆ ಈ ಸಭೆಯಲ್ಲಿ ನಿಂತು ನಮಸ್ಕರಿಸುತ್ತೇನೆ. ನಮ್ಮ ಸಂಘ ಸುವರ್ಣ ಮಹೋತ್ಸವವನ್ನೂ ಕಾಣಲಿ, ಆ ಹೊತ್ತಿಗೆ ಈ ಊರಿನಿಂದ ಇನ್ನೂ ನಾಲ್ಕು ಜನ ಆಕ್ಚುವರಿಗಳು ಇದೇ ವೇದಿಕೆಯಲ್ಲಿ ಕುಳಿತಿರಲಿ ಎಂದು ಹಾರೈಸಿ ನನ್ನ ಮಾತುಗಳನ್ನು ಮುಗಿಸುತ್ತೇನೆ.